ಹಳೆಯ ಡಬ್ಬಿಯ ಬೀಜದಿಂದ ಮನೆಯ ಬೀಜಪಟ್ಟಿಗೆ: ಹಿತ್ತಲ ತರಕಾರಿ ತಳಿ ಕೈತಪ್ಪದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಅಜ್ಜಿ ಬೆಳೆಯುತ್ತಿದ್ದ ಬದನೆ, ಸೋರೆ, ಅಲಸಂದೆಯ ಬೀಜ ಸಿಕ್ಕವರು ಹೆಚ್ಚಾಗಿ ಮೂರು ಕಡೆ ಎಡವುತ್ತಾರೆ. ಸಿಕ್ಕಿದ್ದನ್ನೆಲ್ಲ ಒಂದೇ ಸಲ ಬಿತ್ತುತ್ತಾರೆ. ಪಕ್ಕದಲ್ಲೇ ಪೇಟೆಯ ತಳಿ ಬೆಳೆದು ಬೆರಕೆಯಾಗಲು ಬಿಡುತ್ತಾರೆ. ಸರಿಯಾಗಿ ಒಣಗದ ಬೀಜವನ್ನು ಡಬ್ಬಿಗೆ ತುಂಬುತ್ತಾರೆ. ಎರಡನೆಯ ವರ್ಷಕ್ಕೆ ಬೀಜವೂ ಇರುವುದಿಲ್ಲ, ಅದನ್ನು ಹೇಗೆ ಬೆಳೆಯುತ್ತಿದ್ದರು ಎಂದು ಹೇಳುವವರೂ ಇರುವುದಿಲ್ಲ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಬರೆಯುವ ಕೆಲಸವನ್ನು ಕೊನೆಗೆ ಮುಂದೂಡಿದವರ ಬಳಿ ಹೆಸರಿಲ್ಲದ ಪೊಟ್ಟಣಗಳಷ್ಟೇ ಉಳಿಯುತ್ತವೆ.

## ಬೇಕಾದ ಸಾಮಾನು

ಗಟ್ಟಿ ರಟ್ಟಿನ ನೋಟ್‌ಬುಕ್, ಪೆನ್ಸಿಲ್, ಕಾಗದದ ಲಕೋಟೆ, ತೆಳು ಹತ್ತಿ ಬಟ್ಟೆ, ಸೊಳ್ಳೆಪರದೆಯ ತುಂಡುಗಳು, ಎರಡು ಬಣ್ಣದ ನೂಲು, ಜರಡಿ, ಮೊರ, ಬಿಗಿ ಮುಚ್ಚಳದ ಗಾಜಿನ ಬಾಟಲಿ, ಅರ್ಧ ಕಿಲೋ ಅಕ್ಕಿ, ಜರಡಿ ಹಿಡಿದ ತಣ್ಣನೆಯ ಕಟ್ಟಿಗೆ ಬೂದಿ. ಬರೆಯಲು ಪೆನ್ಸಿಲ್ಲೇ ಇರಲಿ, ಶಾಯಿ ತೇವಕ್ಕೆ ಹರಡಿ ಓದಲು ಬಾರದಂತಾಗುತ್ತದೆ.

## ಹಂತ 1: ಬಿತ್ತುವ ಮೊದಲು ಬರೆದುಕೊಳ್ಳಿ

ಬೀಜ ಕೊಟ್ಟವರನ್ನು ಅದೇ ದಿನ ಕೇಳಿ. "ಇದು ಯಾವ ತಳಿ?" ಎಂದು ಕೇಳಿದರೆ "ನಮ್ಮ ಮನೇದು" ಎಂಬ ಉತ್ತರ ಬರುತ್ತದೆ, ಅದರಿಂದ ಮುಂದಿನ ಕೆಲಸಕ್ಕೆ ಏನೂ ಸಿಗುವುದಿಲ್ಲ. ಕೇಳಬೇಕಾದ್ದು ಇವು:

- ಮನೆಯಲ್ಲಿ ಇದನ್ನು ಏನೆಂದು ಕರೆಯುತ್ತಿದ್ದಿರಿ?
- ಯಾವ ಮಳೆಗೆ ಬಿತ್ತುತ್ತಿದ್ದಿರಿ?
- ಮೊದಲ ಕಾಯಿ ಯಾವ ಹಬ್ಬದ ಹೊತ್ತಿಗೆ ಬರುತ್ತಿತ್ತು?
- ಚಪ್ಪರಕ್ಕೆ ಹಬ್ಬಿಸುತ್ತಿದ್ದಿರೋ, ನೆಲಕ್ಕೆ ಬಿಡುತ್ತಿದ್ದಿರೋ?
- ಎಳೆಯದರಲ್ಲಿ ಕಾಯಿಯ ಬಣ್ಣ ಏನು, ಹಣ್ಣಾದಾಗ ಏನು? ಮುಳ್ಳು, ಗೆರೆ, ಏಣು ಇತ್ತೇ?
- ಯಾವ ಅಡುಗೆಗೆ ಒಗ್ಗುತ್ತಿತ್ತು, ಯಾವುದಕ್ಕೆ ಒಗ್ಗುತ್ತಿರಲಿಲ್ಲ?
- ಈ ಬೀಜ ನಿಮ್ಮ ಮನೆಗೆ ಯಾರಿಂದ ಬಂತು? ತವರಿನಿಂದಲೋ, ನೆರೆಮನೆಯಿಂದಲೋ, ಸಂತೆಯಿಂದಲೋ?

ಮಳೆಯ ಹೆಸರು ಹೇಳಿದರೆ ಅದನ್ನೇ ಬರೆದು ಪಕ್ಕದಲ್ಲಿ ತಾರೀಖು ಹಾಕಿ. ರೋಹಿಣಿ ಎಂದರೆ ಹೆಚ್ಚುಕಡಿಮೆ ಮೇ ಕೊನೆಯ ವಾರದಿಂದ ಜೂನ್ ಮೊದಲ ವಾರ. ಮೃಗಶಿರಾ, ಅಂದರೆ ಉತ್ತರ ಕರ್ನಾಟಕದವರ ಮಿರಗ, ಜೂನ್ 7–8ರಿಂದ ಎರಡು ವಾರ. ಈ ಒಂದು ವಿವರ ಬಿಟ್ಟುಹೋದರೆ ಬೆಳೆಯೇ ಕೈಕೊಡಬಹುದು. ನಾಟಿ ಅವರೆ ಹಗಲು ಕಿರಿದಾದ ಮೇಲೆ ಹೂ ಕಟ್ಟುವ ಬೆಳೆ. ಬೇಸಿಗೆಯಲ್ಲಿ ಬಿತ್ತಿದರೆ ತಿಂಗಳುಗಟ್ಟಲೆ ಬಳ್ಳಿ ಹಬ್ಬುತ್ತದೆಯೇ ಹೊರತು ಕಾಯಿ ಬಿಡುವುದಿಲ್ಲ. ಬೀಜವೇ ಕೆಟ್ಟಿದೆ ಎಂದುಕೊಂಡು ಬಳ್ಳಿ ಕಿತ್ತು ಹಾಕಿದವರು ಬಹಳ ಮಂದಿ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ. ಅವುಗಳ ಅನುಭವವನ್ನು ನಾಟಿ ಅವರೆಗೆ ಹೊಂದಿಸಬೇಡಿ.

ಮನೆಯವರು ಹೇಳಿದ ಹೆಸರನ್ನು ತಿದ್ದಲೂ ಬೇಡಿ. ಒಂದೂರಿನ ಗೋರಿಕಾಯಿ ಇನ್ನೊಂದೂರಿನ ಚವಳಿಕಾಯಿ, ಒಂದು ಕಡೆಯ ಹರಿವೆ ಇನ್ನೊಂದು ಕಡೆಯ ದಂಟು. ಅವರ ಮಾತನ್ನು ಹಾಗೆಯೇ ಬರೆದು, ನಿಮ್ಮ ಕಡೆಯ ಹೆಸರನ್ನು ಮುಂದೆ ಸೇರಿಸಿ.

ಪ್ರತಿ ಬೀಜಕ್ಕೂ ಒಂದು ಸಂಖ್ಯೆ ಕೊಡಿ. ಬದನೆಯ ಮೊದಲ ತಳಿ, 2025ರಲ್ಲಿ ಬಂದದ್ದು ಎಂದಾದರೆ "ಬದ-1/25". ಲಕೋಟೆ, ಸಸಿಯ ಕುಂಡ, ಪಾತಿಯ ಗೂಟ, ಬಾಟಲಿ, ನೋಟ್‌ಬುಕ್ ಎಲ್ಲದರ ಮೇಲೂ ಇದೇ ಸಂಖ್ಯೆ ಇರಬೇಕು.

ಪೇಟೆಯ ಪೊಟ್ಟಣದ ಬೀಜವಾದರೆ ಮೇಲೆ "ಎಫ್-1" ಅಥವಾ "ಹೈಬ್ರಿಡ್" ಎಂದಿದೆಯೇ ನೋಡಿ. ಇದ್ದರೆ ಅದು ಎರಡು ತಳಿ ಬೆರೆಸಿ ಪಡೆದ ಮೊದಲ ಪೀಳಿಗೆ, ತಿನ್ನಲಷ್ಟೇ, ಬೀಜ ಹಿಡಿಯಲು ಬೇಡ. ಮುಂದಿನ ಪೀಳಿಗೆಯಲ್ಲಿ ಗಿಡಕ್ಕೊಂದು ಬಗೆಯ ಕಾಯಿ ಬರುತ್ತದೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿಗಳಲ್ಲೂ ಎರಡೂ ಬಗೆ ಇವೆ: ಅರ್ಕಾ ಅನಾಮಿಕ ಬೆಂಡೆಯ ಬೀಜ ಹಿಡಿಯಬಹುದು, ಅರ್ಕಾ ರಕ್ಷಕ್ ಟೊಮೆಟೊ ಹೈಬ್ರಿಡ್. ಗುಲಾಬಿ ಅಥವಾ ಹಸಿರು ಪುಡಿ ಬಳಿದ ಬೀಜಕ್ಕೆ ಔಷಧಿ ಹಾಕಿರುತ್ತಾರೆ. ಅದನ್ನು ಅಡುಗೆಮನೆಯ ಪಾತ್ರೆಯಲ್ಲಿ ನೆನೆಸಬೇಡಿ, ಮಕ್ಕಳ ಕೈಗೆ ಕೊಡಬೇಡಿ.

## ಹಂತ 2: ಮೊಳಕೆ ನೋಡಿ

ನೂರಕ್ಕಿಂತ ಹೆಚ್ಚು ಬೀಜವಿದ್ದರೆ 20 ತೆಗೆದುಕೊಳ್ಳಿ, ಐವತ್ತರ ಆಸುಪಾಸು ಇದ್ದರೆ 10. ಮೂವತ್ತಕ್ಕಿಂತ ಕಡಿಮೆ ಇದ್ದರೆ ಪರೀಕ್ಷೆ ಬೇಡ, ಅರ್ಧವನ್ನು ನೇರ ಸಣ್ಣ ಕುಂಡಗಳಿಗೆ ಹಾಕಿ.

ಬಟ್ಟೆಯನ್ನು ಒದ್ದೆ ಮಾಡಿ ಗಟ್ಟಿಯಾಗಿ ಹಿಂಡಿ. ಬೀಜಗಳು ಒಂದಕ್ಕೊಂದು ತಾಗದಂತೆ ಸಾಲಾಗಿ ಇಟ್ಟು ಸುರುಳಿ ಸುತ್ತಿ, ಸಡಿಲ ಮುಚ್ಚಳದ ಡಬ್ಬಿಯಲ್ಲಿಡಿ. ಬಟ್ಟೆಯಿಂದ ನೀರು ತೊಟ್ಟಿಕ್ಕಬಾರದು. 25ರಿಂದ 30 ಡಿಗ್ರಿ ಸೆಲ್ಸಿಯಸ್ ಬಿಸುಪು ಸಾಕು. ಅಲಸಂದೆ, ಬೀನ್ಸ್ ಮೂರರಿಂದ ಎಂಟು ದಿನದಲ್ಲಿ, ಸೌತೆ ಮತ್ತು ಕುಂಬಳ ನಾಲ್ಕರಿಂದ ಎಂಟು ದಿನದಲ್ಲಿ ಮೊಳೆಯುತ್ತವೆ. ಟೊಮೆಟೊಗೆ ಐದರಿಂದ ಹದಿನಾಲ್ಕು ದಿನ, ಬದನೆ ಮತ್ತು ಮೆಣಸಿಗೆ ಏಳರಿಂದ ಹದಿನಾಲ್ಕು ದಿನ ಬೇಕು. ಮೆಣಸು ಐದನೆಯ ದಿನ ಮೊಳೆಯಲಿಲ್ಲವೆಂದು ಎಸೆಯುವುದು ಎಲ್ಲರೂ ಮಾಡುವ ತಪ್ಪು.

ಹಾಗಲ, ಸೋರೆಯಂಥ ದಪ್ಪ ಸಿಪ್ಪೆಯ ಬೀಜದ ಅಂಚನ್ನು ಉಗುರುಕತ್ತರಿಯಲ್ಲಿ ತುಸುವೇ ಚಿವುಟಿ 12 ಗಂಟೆ ನೆನೆಸಿ. ಅವರೆ, ಬೀನ್ಸ್ ಹಳೆಯದಾಗಿದ್ದರೆ ನೀರಲ್ಲಿ ಮುಳುಗಿಸಲೇಬೇಡಿ. ಒಣಗಿ ಬಿರುಸಾದ ಬೇಳೆ ಒಮ್ಮೆಲೇ ನೀರು ಹೀರಿ ಸೀಳಿಹೋಗುತ್ತದೆ. ಅವಕ್ಕೆ ಒದ್ದೆ ಬಟ್ಟೆಯ ತೇವವೇ ಸರಿ.

ನೂರಕ್ಕೆ 70ರ ಮೇಲೆ ಮೊಳೆತರೆ ಎಂದಿನಂತೆ ಬಿತ್ತಿ. (ಮಾರಾಟದ ಬೀಜಕ್ಕೆ ಸರ್ಕಾರದ ಕನಿಷ್ಠ ಮಾನದಂಡವೇ ಟೊಮೆಟೊ, ಬದನೆಗೆ 70, ಬೆಂಡೆಗೆ 65, ಮೆಣಸಿಗೆ 60.) 40ರಿಂದ 70ರ ನಡುವೆ ಇದ್ದರೆ ದುಪ್ಪಟ್ಟು ಹಾಕಿ. 40ಕ್ಕಿಂತ ಕಡಿಮೆಯಾದರೆ ಈ ವರ್ಷ ಅಡುಗೆಯ ಆಸೆ ಬಿಟ್ಟು, ಬಂದ ಕಾಯಿಗಳನ್ನೆಲ್ಲ ಬೀಜಕ್ಕೇ ಬಿಡಿ. ಮೊಳೆತವನ್ನು ಎಸೆಯದೆ ಕುಂಡಕ್ಕೆ ನೆಡಿ.

## ಹಂತ 3: ಅರ್ಧ ಮಾತ್ರ ಬಿತ್ತಿ

ಉಳಿದ ಅರ್ಧವನ್ನು ಒಣಗಿದ ಲಕೋಟೆಯಲ್ಲಿ ತೆಗೆದಿಡಿ. ಮಳೆ, ಬಸವನಹುಳು, ಕೋಳಿ, ಯಾವುದರಿಂದ ಬೇಕಾದರೂ ಮೊದಲ ಬಿತ್ತನೆ ಹಾಳಾಗಬಹುದು.

ಒಂದೇ ಗಿಡದಿಂದ ಬೀಜ ಹಿಡಿದು ವರ್ಷಾನುವರ್ಷ ಬೆಳೆದರೆ ತಳಿ ಸೊರಗುತ್ತದೆ. ತನ್ನ ಪರಾಗದಿಂದಲೇ ಕಾಯಿ ಕಟ್ಟುವ ಟೊಮೆಟೊ, ಬೀನ್ಸ್‌ಗೆ ಆರು ಗಿಡ ಸಾಕು. ಬದನೆ, ಬೆಂಡೆ, ಮೆಣಸಿಗೆ ಎಂಟು ಹತ್ತು ಇರಲಿ. ಬಳ್ಳಿ ತರಕಾರಿಗೆ ಕನಿಷ್ಠ ಆರು ಬಳ್ಳಿ, ಹರಿವೆ ಮತ್ತು ಮೂಲಂಗಿಗೆ ಇಪ್ಪತ್ತಕ್ಕೆ ಕಡಿಮೆಯಿಲ್ಲ. ಜಾಗವಿಲ್ಲದವರು ಅದೇ ಬೀಜವನ್ನು ಎರಡು ಮೂರು ಮನೆಗಳಲ್ಲಿ ಬೆಳೆಸಿ, ಕೊನೆಗೆ ಎಲ್ಲರ ಬೀಜವನ್ನು ಸೇರಿಸಿ ಹಂಚಿಕೊಳ್ಳಬಹುದು.

ಕರಾವಳಿ ಮತ್ತು ಮಲೆನಾಡಿನವರಿಗೆ ಇನ್ನೊಂದು ಮಾತು. ಬೀಜದ ಕಾಯಿ ಬಲಿಯುವ ಹೊತ್ತಿಗೆ ಮಳೆ ಇರಬಾರದು. ಮಳೆಗಾಲದ ಬೆಂಡೆಯನ್ನು ತಿನ್ನಿ, ಬೀಜಕ್ಕೆ ದೀಪಾವಳಿಯ ನಂತರ ಬಿತ್ತಿದ್ದನ್ನು ಬಿಡಿ.

## ಹಂತ 4: ಬೆರಕೆ ತಡೆಯಿರಿ

ಇಡೀ ಕೆಲಸದಲ್ಲಿ ಹೆಚ್ಚು ಜನ ಸೋಲುವುದು ಇಲ್ಲಿ. ಬೆರಕೆ ಆ ವರ್ಷ ಕಣ್ಣಿಗೆ ಕಾಣುವುದೇ ಇಲ್ಲ. ಕಾಯಿಯ ಬಣ್ಣ, ಆಕಾರ, ರುಚಿ ತಾಯಿಬಳ್ಳಿಯದೇ ಆಗಿರುತ್ತದೆ. ಬೇರೆ ಪರಾಗ ಬಿದ್ದದ್ದು ಒಳಗಿನ ಬೀಜದಲ್ಲಿ ಅಡಗಿದ್ದು, ಮುಂದಿನ ವರ್ಷದ ಕಾಯಿಯಲ್ಲಿ ಹೊರಬರುತ್ತದೆ. ಕಾಯಿ ಚೆನ್ನಾಗಿತ್ತು ಎಂಬುದು ಬೀಜ ಶುದ್ಧವಾಗಿದೆ ಎಂಬುದಕ್ಕೆ ಸಾಕ್ಷಿಯಲ್ಲ.

ಹೆಚ್ಚು ಚಿಂತೆ ಬೇಡದವು. ಟೊಮೆಟೊ, ಬೀನ್ಸ್, ಅಲಸಂದೆ. ಎರಡು ತಳಿಗಳ ನಡುವೆ ಐದಾರು ಮೀಟರ್ ಬಿಟ್ಟು, ಮಧ್ಯೆ ಬೇರೆ ಬೆಳೆ ಹಾಕಿದರೆ ಮನೆಬಳಕೆಗೆ ಸಾಕು. ಅವರೆಯ ಹೂವಿಗೆ ದುಂಬಿ ಹೆಚ್ಚು ಬರುವುದರಿಂದ ಇನ್ನಷ್ಟು ದೂರವಿರಲಿ.

ಪರದೆ ಬೇಕಾದವು. ಬದನೆ, ಮೆಣಸು, ಬೆಂಡೆ ತಾವೇ ಕಾಯಿ ಕಟ್ಟಬಲ್ಲವು, ಆದರೆ ಜೇನು, ದುಂಬಿ ಬೇರೆ ಪರಾಗ ತರುತ್ತವೆ. ದೊಣ್ಣೆಮೆಣಸು ಮತ್ತು ಖಾರದ ಮೆಣಸು ಒಂದೇ ಜಾತಿ. ಪಕ್ಕಪಕ್ಕ ಬೆಳೆದರೆ ಮುಂದಿನ ವರ್ಷ ದೊಣ್ಣೆಮೆಣಸಿಗೆ ಖಾರ ಬಂದೀತು. ಉಡುಪಿ ಕಡೆಯ ದುಂಡು ಬದನೆಯಾದ ಮಟ್ಟು ಗುಳ್ಳದ ಬಳಿ ನೇರಳೆ ಉದ್ದ ಬದನೆ ಇದ್ದರೂ ಇದೇ ಕಥೆ. ಹೂ ಬಿರಿಯುವ ಮೊದಲೇ ಮೊಗ್ಗಿರುವ ಒಂದು ರೆಂಬೆಗೆ ಸೊಳ್ಳೆಪರದೆಯ ಚೀಲ ಕಟ್ಟಿ. ದಿನವೂ ಬೆಳಗ್ಗೆ ಹತ್ತರ ಹೊತ್ತಿಗೆ ರೆಂಬೆಯನ್ನು ಬೆರಳಿಂದ ಮೆಲ್ಲಗೆ ತಟ್ಟಿದರೆ ಪರಾಗ ಉದುರುತ್ತದೆ. ಮೂರು ನಾಲ್ಕು ಕಾಯಿ ಕಡಲೆಕಾಳಿನಷ್ಟಾದ ಮೇಲೆ ಚೀಲ ಬಿಚ್ಚಿ, ಆ ಕಾಯಿಗಳ ತೊಟ್ಟಿಗೆ ಕೆಂಪು ನೂಲು ಕಟ್ಟಿ. ಚೀಲದೊಳಗೆ ಮೊದಲೇ ಇದ್ದ ಅರಳಿದ ಹೂವನ್ನು ಕಿತ್ತುಹಾಕಲು ಮರೆಯಬೇಡಿ, ಅದು ಆಗಲೇ ಬೆರಕೆಯಾಗಿರಬಹುದು. ಬೆಂಡೆಗೆ ಚೀಲವೂ ಬೇಡ. ನಾಳೆ ಅರಳಲಿರುವ ಮೊಗ್ಗಿನ ತುದಿಯನ್ನು ಸಂಜೆಯೇ ನೂಲಿನಿಂದ ಬಿಗಿದರೆ ಒಳಗೇ ಪರಾಗಸ್ಪರ್ಶ ಆಗುತ್ತದೆ.

ಕೈಯಿಂದಲೇ ಮಾಡಬೇಕಾದವು. ಸೌತೆ, ಕುಂಬಳ, ಸೋರೆ, ಹೀರೆ, ಹಾಗಲ, ಪಡವಲ. ಗಂಡು ಹೂ, ಹೆಣ್ಣು ಹೂ ಬೇರೆಬೇರೆ, ಕೀಟವೇ ಪರಾಗ ಒಯ್ಯಬೇಕು. ಪ್ರಮಾಣಿತ ಬೀಜೋತ್ಪಾದನೆಯಲ್ಲಿ ಇವಕ್ಕೆ 500 ಮೀಟರ್ ಅಂತರ ಕೇಳುತ್ತಾರೆ, ಅಷ್ಟು ದೂರ ಯಾರ ಹಿತ್ತಲಲ್ಲೂ ಸಿಗದು. ಹಾಗಾಗಿ:

1. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿ ಇರುತ್ತದೆ, ಗಂಡಿನದು ಬರಿ ತೊಟ್ಟು. ನಾಳೆ ಅರಳಲಿರುವ ಮೊಗ್ಗಿನ ತುದಿ ಬಣ್ಣ ತಿರುಗಿ ಸಡಿಲವಾಗಿರುತ್ತದೆ.
2. ಅಂಥ ಒಂದೆರಡು ಹೆಣ್ಣು ಮೊಗ್ಗು ಮತ್ತು ಅದೇ ತಳಿಯ ಬೇರೆ ಬಳ್ಳಿಗಳ ಎರಡು ಮೂರು ಗಂಡು ಮೊಗ್ಗಿನ ತುದಿಗೆ ನೂಲು ಸುತ್ತಿ. ಅವು ತೆರೆಯಬಾರದು.
3. ಹೂ ಅರಳುವ ಹೊತ್ತಿಗೆ ಗಂಡು ಹೂವನ್ನು ಕಿತ್ತು ಎಸಳು ಬಿಡಿಸಿ, ಹೆಣ್ಣು ಹೂವಿನ ನೂಲು ಬಿಚ್ಚಿ, ಪರಾಗವನ್ನು ನಡುವಿನ ಅಂಟು ಭಾಗಕ್ಕೆಲ್ಲ ಸವರಿ.
4. ಕೂಡಲೇ ಹೆಣ್ಣು ಹೂವನ್ನು ಮತ್ತೆ ಕಟ್ಟಿ, ತೊಟ್ಟಿಗೆ ಬಣ್ಣದ ನೂಲು ಹಾಕಿ.

ಹೊತ್ತು ತಪ್ಪಿದರೆ ಶ್ರಮ ದಂಡ. ಕುಂಬಳ, ಸೌತೆ, ಹಾಗಲ, ತುಪ್ಪದ ಹೀರೆ ಬೆಳಗ್ಗೆ ಅರಳುತ್ತವೆ, ಹಿಂದಿನ ಸಂಜೆ ಕಟ್ಟಿ. ಹೀರೆ, ಸೋರೆ, ಪಡವಲ ಸಂಜೆ ಅರಳುವವು, ಮಧ್ಯಾಹ್ನವೇ ಕಟ್ಟಿ ಮುಸ್ಸಂಜೆಗೆ ಪರಾಗ ಮುಟ್ಟಿಸಿ. ಬೆಳಗ್ಗೆ ಹೋಗಿ ನೋಡಿದರೆ ಹೀರೆಯ ಹೂ ಬಾಡಿರುತ್ತದೆ. ಒಂದು ವಾರದೊಳಗೆ ಪುಟ್ಟ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಹಿಡಿದಿಲ್ಲ, ಇನ್ನೊಂದು ಹೂವಿಗೆ ಮಾಡಿ. ಬಳ್ಳಿಯ ಮೇಲೆ ಬೇರೆ ಕಾಯಿಗಳು ಹೆಚ್ಚಿದ್ದರೂ ಹೀಗಾಗುತ್ತದೆ, ಅವನ್ನು ಕೊಯ್ದು ಬಳ್ಳಿ ಹಗುರ ಮಾಡಿ.

ಯಾವುದಕ್ಕೆ ಯಾವುದು ಬೆರೆಯುತ್ತದೆ ಎಂಬ ಗೊಂದಲವೂ ಇದೆ. ಸಿಹಿಗುಂಬಳ, ಬೂದುಗುಂಬಳ ಬೆರೆಯುವುದಿಲ್ಲ. ಹಸಿಯಾಗಿ ತಿನ್ನುವ ಸೌತೆ ಕರಬೂಜಕ್ಕೆ ಬೆರೆಯುವುದಿಲ್ಲ. ಆದರೆ ಸಾಂಬಾರಿನ ಮಂಗಳೂರು ಸೌತೆ ಕರಬೂಜದ ಜಾತಿಗೇ ಸೇರಿದ್ದು, ಅವೆರಡು ಬೆರೆಯುತ್ತವೆ.

ಎಚ್ಚರಿಕೆ: ಸೋರೆ, ಸೌತೆ, ಹೀರೆ ಕಹಿಯಾಗಿದ್ದರೆ ತಿನ್ನಬೇಡಿ, ರಸ ಕುಡಿಯಲೇಬೇಡಿ. ಕಹಿ ಸೋರೆಯ ರಸದಿಂದ ಪ್ರಾಣಾಪಾಯವೂ ಆಗಿದೆ. ಬೀಜಕ್ಕೆ ಬಿಡುವ ಬಳ್ಳಿಯ ಎಳೆಗಾಯಿ ಒಂದನ್ನು ಮೊದಲು ಕೊಯ್ದು, ತುದಿಯ ಚೂರನ್ನು ನಾಲಿಗೆಗೆ ಮುಟ್ಟಿಸಿ ಉಗಿಯಿರಿ. ಕಹಿ ಇದ್ದರೆ ಆ ಬಳ್ಳಿಯನ್ನೇ ಕಿತ್ತುಹಾಕಿ.

ಒಂದು ಸಲಕ್ಕೆ ಒಂದೇ ತಳಿ. ಹರಿವೆಯ ಪರಾಗ ಗಾಳಿಗೆ ಹಾರುತ್ತದೆ, ಪರದೆ ಅದನ್ನು ತಡೆಯದು. ಕೆಂಪು ಹರಿವೆ ಬೀಜಕ್ಕೆ ಬಿಟ್ಟಾಗ ಹಸಿರು ಹರಿವೆಯನ್ನು ತೆನೆ ಬರುವ ಮೊದಲೇ ಕೊಯ್ದು ಮುಗಿಸಿ. ಮೂಲಂಗಿಯಲ್ಲೂ ಒಂದು ಸಲಕ್ಕೆ ಒಂದೇ ತಳಿಯನ್ನು ಬೀಜಕ್ಕೆ ಬಿಡಿ.

## ಹಂತ 5: ಬೀಜಕ್ಕೆ ಬಿಡುವ ಗಿಡ ಆರಿಸಿ

ಕೊಯ್ಲೆಲ್ಲ ಮುಗಿದ ಮೇಲೆ ಉಳಿದ ಒಣಕಲು ಕಾಯಿಯನ್ನು ಬೀಜಕ್ಕೆ ಬಿಡುವುದು ತಪ್ಪು. ರೋಗ ಬಡಿದ, ದಣಿದ ಗಿಡದ ಕೊನೆಯ ಕಾಯಿ ಅದು. ಗಿಡ ಚೆನ್ನಾಗಿರುವಾಗಲೇ, ಎರಡು ಮೂರನೆಯ ಕೊಯ್ಲಿನ ಕಾಯಿಗೆ ನೂಲು ಕಟ್ಟಿ, ಮನೆಯಲ್ಲಿ ಎಲ್ಲರಿಗೂ ಹೇಳಿ. ಗುರುತಿಲ್ಲದ ಬೀಜದ ಕಾಯಿ ಸಾರಿಗೆ ಹೋಗುವುದು ಎಲ್ಲ ಮನೆಗಳಲ್ಲೂ ನಡೆಯುತ್ತದೆ.

ಹಂತ 1ರಲ್ಲಿ ಬರೆದುಕೊಂಡ ಲಕ್ಷಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಜ್ಜಿ ಹೇಳಿದ ಬಣ್ಣ, ಏಣು, ಮುಳ್ಳಿಗೆ ಹೊಂದದ ಗಿಡವನ್ನು ಮೊದಲ ಕಾಯಿ ಕಂಡೊಡನೆ ತೆಗೆಯಿರಿ. ಎಲೆ ಮುದುಡಿದ, ಹಳದಿ ಹಸಿರು ಮಚ್ಚೆಯ ಬೀನ್ಸ್, ಅಲಸಂದೆ, ಟೊಮೆಟೊ ಗಿಡ ಬೇಡವೇ ಬೇಡ. ಮೊಸಾಯಿಕ್ ನಂಜು ಬೀಜದ ಜೊತೆ ಬರುತ್ತದೆ. ಕಪ್ಪು ತಗ್ಗು ಮಚ್ಚೆಯ ಮೆಣಸಿನಕಾಯಿಯೂ ಅಷ್ಟೇ.

## ಹಂತ 6: ಬೀಜ ತೆಗೆಯಿರಿ

ತಿನ್ನುವ ಹದ ಬೇರೆ, ಬೀಜದ ಹದ ಬೇರೆ. ಎಳೆ ಬದನೆಯ ಬೀಜ ಬಿತ್ತಿ ಮೊಳೆಯಲಿಲ್ಲ ಎಂದರೆ ಬೀಜದ ತಪ್ಪಲ್ಲ.

ಟೊಮೆಟೊ: ಪೂರ್ತಿ ಹಣ್ಣಾದದ್ದನ್ನು ಗಾಜಿನ ಲೋಟಕ್ಕೆ ಹಿಂಡಿ, ಬಟ್ಟೆ ಮುಚ್ಚಿ ನೆರಳಲ್ಲಿಡಿ. ದಿನಕ್ಕೆರಡು ಸಲ ಕಲಕಿ. ಸೆಕೆಯಲ್ಲಿ ಒಂದೆರಡು ದಿನ, ಚಳಿಯಲ್ಲಿ ಮೂರು ದಿನಕ್ಕೆ ಬೀಜದ ಸುತ್ತಲಿನ ಲೋಳೆ ಕರಗುತ್ತದೆ. ತೊಳೆದಾಗ ಮುಳುಗಿದ್ದು ಗಟ್ಟಿ, ತೇಲಿದ್ದು ಜೊಳ್ಳು. ಇನ್ನೊಂದು ದಿನ ಇರಲಿ ಎಂದು ಬಿಟ್ಟರೆ ಲೋಟದಲ್ಲೇ ಮೊಳೆಯುತ್ತದೆ. ಕಾಗದದ ಮೇಲೆ ಹರಡಿದರೆ ಅಂಟಿಕೊಳ್ಳುತ್ತದೆ, ಪಿಂಗಾಣಿ ತಟ್ಟೆ ಅಥವಾ ಪರದೆ ಬಟ್ಟೆಯ ಮೇಲೆ ಹರಡಿ.

ಬದನೆ: ಕಾಯಿ ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಬೇಕು. ಹಿಸುಕಿ ನೀರಲ್ಲಿ ಕದಡಿ, ಮುಳುಗಿದ ಬೀಜ ಸೋಸಿ.

ಮೆಣಸು: ಗಿಡದಲ್ಲೇ ಕೆಂಪಾಗಿ ಸುಕ್ಕುಗಟ್ಟಿದ್ದು. ಬಿಡಿಸುವಾಗ ಕೈಗವಸು ಹಾಕಿ.

ಬೆಂಡೆ, ಅವರೆ, ಅಲಸಂದೆ: ಕಾಯಿ ಒಣಗಿ ಅಲ್ಲಾಡಿಸಿದರೆ ಸದ್ದು ಬರಬೇಕು. ಬೆಂಡೆಯ ಏಣು ಬಿರುಕು ಬಿಡತೊಡಗಿದೊಡನೆ ಕೊಯ್ಯಿರಿ, ತಡವಾದರೆ ಬೀಜ ನೆಲಕ್ಕೆ ಬೀಳುತ್ತದೆ.

ಸೌತೆ, ಕುಂಬಳ: ಬಳ್ಳಿಯಲ್ಲೇ ಬಣ್ಣ ತಿರುಗಿ ಬಲಿಯಲಿ. ಕೊಯ್ದ ಮೇಲೂ ಮೂರು ನಾಲ್ಕು ವಾರ ಇಟ್ಟರೆ ಒಳಗಿನ ಬೀಜ ತುಂಬಿಕೊಳ್ಳುತ್ತದೆ. ದಕ್ಷಿಣ ಕನ್ನಡದಲ್ಲಿ ಮಾಡಿನ ಅಡಿ ತೂಗುಹಾಕಿದ ಸೌತೆಯ ಬೀಜ ಚೆನ್ನಾಗಿ ಬರುವುದು ಇದರಿಂದಲೇ.

ಸೋರೆ, ಹೀರೆ: ಚಪ್ಪರದಲ್ಲೇ ಒಣಗಿ ಹಗುರವಾಗಿ, ಒಳಗೆ ಗಲಗಲ ಎನ್ನಬೇಕು. ಹೀರೆಯ ತುದಿಯ ಮುಚ್ಚಳ ಕಿತ್ತು ಕೊಡವಿದರೆ ಬೀಜ ಉದುರುತ್ತದೆ.

ಹಾಗಲ: ಕಿತ್ತಳೆ ಬಣ್ಣ ಅರ್ಧ ಏರಿದಾಗಲೇ ಕೊಯ್ಯಿರಿ. ಪೂರ್ತಿ ಹಣ್ಣಾದರೆ ಸೀಳಿ, ಹಕ್ಕಿಗಳು ಒಯ್ಯುತ್ತವೆ. ಬೀಜದ ಕೆಂಪು ಹೊದಿಕೆಯನ್ನು ಬೂದಿ ಹಾಕಿ ಉಜ್ಜಿ ತೆಗೆಯಿರಿ, ಉಳಿದರೆ ಬೂಸ್ಟು ಹಿಡಿಯುತ್ತದೆ.

## ಹಂತ 7: ಒಣಗಿಸಿ

ಮೊದಲ ಎರಡು ದಿನ ಗಾಳಿಯಾಡುವ ನೆರಳು. ಆಮೇಲೆ ಬೆಳಗಿನ ಏಳರಿಂದ ಹತ್ತರವರೆಗಿನ ಎಳೆಬಿಸಿಲು. ಹಂಚಿನ ಮೇಲೆ, ಕಾರಿನ ಮೇಲೆ, ತಗಡಿನ ಮೇಲೆ ಹರಡಬೇಡಿ. 40 ಡಿಗ್ರಿ ದಾಟಿದರೆ ಹಸಿ ಬೀಜದ ಜೀವ ಹೋಗುತ್ತದೆ, ನೋಡಲು ಮಾತ್ರ ಚೆನ್ನಾಗಿಯೇ ಇರುತ್ತದೆ. ಸಂಜೆಯಾಗುತ್ತಲೇ ಒಳಗೆ ತನ್ನಿ, ಇಬ್ಬನಿಯ ತೇವ ಹಗಲಿನ ಕೆಲಸವನ್ನೆಲ್ಲ ಹಾಳುಮಾಡುತ್ತದೆ. ಸಣ್ಣ ಬೀಜಕ್ಕೆ ಐದಾರು ದಿನ, ಅವರೆ, ಕುಂಬಳದಂಥ ದೊಡ್ಡವಕ್ಕೆ ಹತ್ತರಿಂದ ಹದಿನಾಲ್ಕು ದಿನ.

ಒಣಗಿದೆಯೇ ಎಂದು ನೋಡಿ. ಕುಂಬಳದ ಬೀಜ ಮಡಿಸಿದರೆ ಬಾಗದೆ ಪಟ್ಟನೆ ಮುರಿಯಬೇಕು. ಅವರೆಕಾಳಿನ ಮೇಲೆ ಹಲ್ಲಿನ ಗುರುತು ಮೂಡಬಾರದು. ಸಣ್ಣ ಬೀಜವಾದರೆ ಒಂದು ಚಮಚ ಬೀಜ, ಹುರಿದು ಆರಿಸಿದ ಒಂದು ಚಮಚ ಪುಡಿ ಉಪ್ಪು ಗಾಜಿನ ಬಾಟಲಿಗೆ ಹಾಕಿ ಕುಲುಕಿ, ಕಾಲು ಗಂಟೆ ಬಿಡಿ. ಉಪ್ಪು ಗಾಜಿಗೆ ಅಂಟಿದರೆ ಬೀಜ ಇನ್ನೂ ಹಸಿ.

ಅಂಟದಿದ್ದರೂ ಅಕ್ಕಿಯ ಹಂತ ಬಿಡಬೇಡಿ. ಅಕ್ಕಿಯನ್ನು ಸಣ್ಣ ಉರಿಯಲ್ಲಿ ಕಂದು ತಿರುಗುವವರೆಗೆ ಹುರಿದು, ಬಿಗಿ ಡಬ್ಬಿಯಲ್ಲೇ ಆರಿಸಿ. ಬೀಜದ ತೂಕದ ಎರಡರಷ್ಟು ಅಕ್ಕಿ ಬಾಟಲಿಗೆ ಸುರಿದು, ಬಟ್ಟೆ ಚೀಲದಲ್ಲಿ ಕಟ್ಟಿದ ಬೀಜವನ್ನು ಮೇಲಿಟ್ಟು, ಎರಡು ವಾರ ಮುಚ್ಚಿಡಿ. ಉಳಿದ ತೇವವನ್ನು ಅಕ್ಕಿ ಎಳೆದುಕೊಳ್ಳುತ್ತದೆ.

## ಹಂತ 8: ತುಂಬಿಡಿ

ಬೀಜದ ತೇವ ನೂರಕ್ಕೆ ಒಂದಂಶ ಇಳಿದರೆ, ಅಥವಾ ಇಡುವ ಜಾಗದ ಬಿಸಿ ಐದಾರು ಡಿಗ್ರಿ ಇಳಿದರೆ, ಬೀಜದ ಆಯುಸ್ಸು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ಹಾಗಾಗಿ ಮೊದಲು ಒಣಗಿಸುವುದು, ಆಮೇಲೆ ತಂಪು. ಹಸಿ ಬೀಜವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್ಜಿಗೆ ಇಟ್ಟರೆ ಒಳಗೇ ಬೂಸ್ಟು.

ಹಿರಿಯರು ಒಲೆಯ ಮೇಲೆ ತೂಗುಹಾಕುತ್ತಿದ್ದರಲ್ಲ ಎಂದು ಈಗಿನ ಅಡುಗೆಮನೆಯಲ್ಲಿ ಇಡಬೇಡಿ. ಕಟ್ಟಿಗೆ ಒಲೆಯ ಹೊಗೆ ತೇವ ಎಳೆದು ಹುಳುವನ್ನು ದೂರವಿಡುತ್ತಿತ್ತು. ಗ್ಯಾಸ್ ಒಲೆಯ ಬಳಿ ಬರಿ ಹಬೆ.

ಅವರೆ, ಅಲಸಂದೆಗೆ ಹುಳುವಿನ ಕಾಟ ಹೊಲದಿಂದಲೇ ಬರುತ್ತದೆ. ಕಾಳಿನ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಮೊಟ್ಟೆ. ಪೂರ್ತಿ ಒಣಗಿದ ಕಾಳನ್ನು ಬಿಗಿ ಬಾಟಲಿಯಲ್ಲಿ ಒಂದು ವಾರ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ರಾತ್ರಿಯಿಡೀ ಮುಚ್ಚಳ ತೆರೆಯಬೇಡಿ, ತೆರೆದರೆ ಬೀಜದ ಮೇಲೆ ನೀರು ಕಟ್ಟುತ್ತದೆ. ಫ್ರೀಜರ್ ಇಲ್ಲದಿದ್ದರೆ ಕಾಳಿನಷ್ಟೇ ಅಳತೆಯ ಬೂದಿ ಬೆರೆಸಿ, ಮೇಲೆ ಎರಡು ಬೆರಳು ದಪ್ಪ ಬೂದಿ ಹರಡಿ. ಬೇವಿನೆಲೆ ಹಾಕುವುದಾದರೆ ಗರಿಗರಿ ಒಣಗಿದ್ದನ್ನೇ ಹಾಕಿ.

ಚೀಟಿ ಬಾಟಲಿಯ ಒಳಗೊಂದು, ಹೊರಗೊಂದು: ಸಂಖ್ಯೆ, ಹೆಸರು, ಕೊಯ್ದ ತಿಂಗಳು, ಎಷ್ಟು ಗಿಡದ್ದು, ಕೈಯಿಂದ ಪರಾಗ ಮುಟ್ಟಿಸಿದ್ದೋ ತಾನಾಗಿ ಕಾಯಿ ಕಟ್ಟಲು ಬಿಟ್ಟಿದ್ದೋ, ಮೊಳಕೆ ಎಷ್ಟು.

## ಹಂತ 9: ಮೂರು ಪಾಲು ಮಾಡಿ, ಪಟ್ಟಿ ತಿದ್ದಿ

ಒಂದು ಪಾಲು ಮುಂದಿನ ಬಿತ್ತನೆಗೆ, ಇನ್ನೊಂದು ಮನೆಯ ಆಪದ್ಧನ. ಮೂರನೆಯದನ್ನು ಬೇರೆ ಊರಿನ ನೆಂಟರಿಗೋ ಗೆಳೆಯರಿಗೋ, ನೋಟ್‌ಬುಕ್ಕಿನ ಆ ಪುಟದ ನಕಲಿನ ಜೊತೆ ಕೊಡಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ರೈತರಿಗೆ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕು ಕೊಟ್ಟಿದೆ. ಅದರಡಿ ರಕ್ಷಣೆ ಪಡೆದ ತಳಿಯ ಬೀಜವನ್ನು ಬ್ರಾಂಡ್ ಹಚ್ಚಿ ಮಾರುವಂತಿಲ್ಲ, ಅಷ್ಟೇ.

ಪ್ರತಿ ವರ್ಷ ಯುಗಾದಿಯ ಆಸುಪಾಸು ಪಟ್ಟಿ ತೆರೆದು, ಪ್ರತಿಯೊಂದರ ಹತ್ತು ಬೀಜ ಮೊಳಕೆಗೆ ಹಾಕಿ, ಫಲಿತಾಂಶ ಬರೆಯಿರಿ. ಈರುಳ್ಳಿ ಬೀಜ ವರ್ಷಕ್ಕಿಂತ ಹೆಚ್ಚು ನಂಬುವಂತಿಲ್ಲ. ಬೆಂಡೆ, ಮೆಣಸನ್ನು ಎರಡು ವರ್ಷಕ್ಕೊಮ್ಮೆ, ಅವರೆ, ಅಲಸಂದೆಯನ್ನು ಎರಡು ಮೂರು ವರ್ಷಕ್ಕೊಮ್ಮೆ ಹೊಸದಾಗಿ ಬೆಳೆಯಬೇಕು. ಟೊಮೆಟೊ, ಬದನೆ, ಬಳ್ಳಿ ತರಕಾರಿಗಳು ಚೆನ್ನಾಗಿ ಒಣಗಿದ್ದರೆ ನಾಲ್ಕು ವರ್ಷ ತಾಳುತ್ತವೆ. ಕರಾವಳಿಯ ತೇವದಲ್ಲಿ ಪ್ರತಿಯೊಂದಕ್ಕೂ ಒಂದು ವರ್ಷ ಕಡಿಮೆ ಲೆಕ್ಕ ಹಾಕಿ. ಹಿಂದಿನ ವರ್ಷ 80 ಇದ್ದ ಮೊಳಕೆ 55ಕ್ಕೆ ಇಳಿದಿದ್ದರೆ, ಬೇರೆಲ್ಲ ತಳಿ ಬದಿಗಿಟ್ಟು ಈ ಹಂಗಾಮಿನಲ್ಲಿ ಮೊದಲ ಪಾತಿಯನ್ನು ಅದಕ್ಕೇ ಕೊಡಿ.